ಹಾಡು ಯಾರ ಬಾಯಿಗೆ? ಗಡಿಭಾಗದ ರಂಗಭೂಮಿ ಮತ್ತು ಸ್ವೋಪಜ್ಞತೆಯ ಪ್ರಶ್ನೆ

ಸೃಜನಶೀಲ ಬರವಣಿಗೆಯಲ್ಲಿ ಸ್ವೋಪಜ್ಞತೆ ಇನ್ನೂ ಸಾಧ್ಯವೇ ಎಂಬುದು ಇಂದಿನ ಪ್ರಶ್ನೆ. ‘ಎಲ್ಲಾ ಬರೆದಾಗಿದೆ, ಇನ್ನೇನು ಹೊಸದು?’ ಅಂತ ನಾವೇ ಮಾತಾಡ್ಕೋತೀವಿ. ದತ್ತವಾಡದಂಥ ಗಡಿಯ ಊರಿನಲ್ಲಿ ಇದೇ ಪ್ರಶ್ನೆ ಬೇರೆ ವೇಷ ಹಾಕಿಕೊಂಡು ಬರುತ್ತದೆ: ‘ಮೊದಲು ಯಾರದು? ಕನ್ನಡದವರದೋ, ಮರಾಠಿಯವರದೋ?’ ಎರಡರ ಹಿಂದೆಯೂ ಒಂದೇ ನಂಬಿಕೆಯಿದೆ: ಮೊದಲು ಹುಟ್ಟಿದ್ದೇ ಸ್ವಂತದ್ದು. ನಮ್ಮ ಭಾಗದ ರಂಗಭೂಮಿಯ ಇತಿಹಾಸ ಈ ನಂಬಿಕೆಯನ್ನು ಒಪ್ಪುವುದಿಲ್ಲ.

ನಮಗೆ ಹತ್ತಿರದ ಸಾಂಗಲಿಯನ್ನೇ ನೋಡೋಣ. ಕರ್ನಾಟಕದ ಕರಾವಳಿ ಕಡೆಯಿಂದ ಬಂದ ಭಾಗವತರ ಮೇಳದ ಆಟವನ್ನು ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನ ನೋಡಿದರು. ಅಂಥದ್ದೊಂದು ಮರಾಠಿಯಲ್ಲಿ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದಲೇ ಎಣಿಸುತ್ತದೆ. ಮುಂದೆ ಮರಾಠಿ ಕಂಪನಿಗಳು ಉತ್ತರ ಕರ್ನಾಟಕದಲ್ಲಿ ಜನಪ್ರಿಯವಾದವು. ಅದನ್ನು ಕಂಡು ಕೆರಳಿದ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಕಟ್ಟಿದರು. ಈಗ ಹೇಳಿ, ಯಾರು ಯಾರಿಂದ ಕದ್ದರು? ಸಾಲ ಹೋಗಿ ಬಂದಿದೆ, ಅಷ್ಟೇ.

ಹಾಗಾದರೆ ಹೊಸತು ಎಲ್ಲಿದೆ? ಭಾವೆಯವರ ನಾಟಕದಲ್ಲಿ ಹಾಡು ಸೂತ್ರಧಾರನದು. ಭಾಗವತನಂತೆ ಅವನೇ ಕಥೆ ನಡೆಸುತ್ತಾನೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಶಾಕುಂತಲ’ದಲ್ಲಿ (1880) ಪಾತ್ರಗಳೇ ಹಾಡುತ್ತವೆ. ಕಥೆ ಕಾಳಿದಾಸನದೇ. ಆದರೆ ಶಕುಂತಲೆಯ ದುಃಖವನ್ನು ಇನ್ನೊಬ್ಬರು ಹೇಳಬೇಕಿಲ್ಲ. ನನ್ನ ಪ್ರಕಾರ ಸ್ವೋಪಜ್ಞತೆ ಇರುವುದು ಇಲ್ಲಿ: ಹಳೆಯ ಕಥೆಯಲ್ಲಿ ದನಿಯಿಲ್ಲದವರಿಗೆ ದನಿ ಕೊಡುವುದರಲ್ಲಿ.

ಇದು ಹಳೆಯ ಕಾಲದ ಮಾತಾಯ್ತು ಅನ್ನಬಹುದು. ಗಿರೀಶ ಕಾರ್ನಾಡರ ‘ಹಯವದನ’ ತಗೊಳ್ಳಿ. ತಲೆ ಅದಲುಬದಲಾದ ಕಥೆ ‘ಕಥಾಸರಿತ್ಸಾಗರ’ದ್ದು, ಜರ್ಮನಿಯ ಥಾಮಸ್ ಮಾನ್ ಅದನ್ನು ಹಿಗ್ಗಿಸಿ ಬರೆದ, ಕಾರ್ನಾಡರಿಗೆ ದಕ್ಕಿದ್ದು ಮಾನ್‌ನ ಮೂಲಕ. ಭಾಗವತನೂ ಯಕ್ಷಗಾನದಿಂದ ಬಂದವನೇ. ಹಳೆಯ ಕಥೆ ಕೇಳಿದ್ದು ಗಂಡ ಯಾರು ಎಂದು. ತಲೆಯಿದ್ದವನೇ ಗಂಡ ಎಂಬ ತೀರ್ಪೂ ಅದರಲ್ಲಿದೆ. ಕಾರ್ನಾಡರು ಅದರ ಪಕ್ಕ ಕುದುರೆತಲೆಯ ಮನುಷ್ಯನೊಬ್ಬನನ್ನು ತಂದು ನಿಲ್ಲಿಸಿದರು. ಪೂರ್ಣತೆ ಬೇಡಿದ ಅವನು ಕೊನೆಗೆ ಪೂರ್ಣ ಕುದುರೆಯೇ ಆಗುತ್ತಾನೆ. ಆಮೇಲೆ ಆ ಹಳೆಯ ತೀರ್ಪು ನಿಲ್ಲುವುದಿಲ್ಲ.

ಹಾಗಂತ ಎಲ್ಲಾ ರೂಪಾಂತರವೂ ಸ್ವೋಪಜ್ಞ ಅಂತಲ್ಲ. ಹೆಸರು, ಊರು ಬದಲಿಸಿ ಪ್ರಶ್ನೆಯನ್ನು ಹಾಗೇ ಉಳಿಸಿದರೆ ಅದು ನಕಲೇ. ಸಾಲ ಪಡೆದ ಮೇಲೆ ಮೂಲವನ್ನು ಮೊದಲಿನ ಹಾಗೆ ಓದಲು ಆಗದಿದ್ದರೆ ಅದು ಸ್ವಂತ ಕೃತಿ. ಗಡಿಯಲ್ಲಿ ‘ಮೊದಲು ಯಾರದು’ ಎಂದು ಜಗಳಾಡುವವರೂ, ‘ಎಲ್ಲಾ ಮುಗಿದಿದೆ’ ಎಂದು ಪೆನ್ನು ಕೆಳಗಿಡುವ ನಾವೂ ಕೇಳಬೇಕಾದದ್ದು ಒಂದೇ: ಈ ಕಥೆಯಲ್ಲಿ ಇನ್ನೂ ಹಾಡದವರು ಯಾರು? ಇದರ ಬಗ್ಗೆ ಚರ್ಚೆಯಾಗಲಿ.