ಶುಚಿ-ರುಚಿ: ಉಪನಗರದಲ್ಲಿ ‘ಒಳ್ಳೇ ಹೋಟ್ಲು’ ಹುಡುಕುವ ಬಗ್ಗೆ

ಹೋಟೆಲುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ತಪ್ಪದೆ ಬಳಸುವ ಒಂದು ಜೋಡಿಪದವಿದೆ: ಶುಚಿ-ರುಚಿ. ‘ಶುಚಿ-ರುಚಿಗೆ ಹೆಸರಾದ’ ಎಂದು ವಾಕ್ಯ ಶುರುವಾದರೆ ಮುಗಿಯಿತು, ಆ ಹೋಟೆಲು ಒಳ್ಳೆಯದು. ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ, ಮದುವೆ ಅಡುಗೆ ಕಂಟ್ರಾಕ್ಟರರ ಕಾರ್ಡಿನಲ್ಲಿ, ದರ್ಶಿನಿಗಳ ಗೋಡೆಯ ಮೇಲೆ ಎಲ್ಲ ಕಡೆ ಇದೇ ಪದ. ಪ್ರಾಸ ಚೆನ್ನಾಗಿ ಕೂತಿರುವುದರಿಂದ ಯಾರೂ ಇದನ್ನು ಬಿಡಿಸಿ ನೋಡಲು ಹೋಗಿಲ್ಲ. ನಾನಿಲ್ಲಿ ಮಾಡಹೊರಟಿರುವುದು ಅಷ್ಟು ಮಾತ್ರ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಹೋಟೆಲಿನ ಪುರಾಣ ಯಾಕೆ ಎಂದು ಗೆಳೆಯರು ಕೇಳಬಹುದು. ಕನ್ನಡದಲ್ಲಿ ದಲಿತ ವಿಮರ್ಶೆಯ ದೊಡ್ಡ ಜಗಳವೊಂದು ಎದ್ದದ್ದೇ ತಿನ್ನುವ ವಸ್ತುವಿನ ಹೆಸರಿನಿಂದ ಎಂಬುದನ್ನು ನಾವು ಮರೆತಿದ್ದೇವೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದು ಕರೆದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು. ಆ ಒಂದು ಮಾತಿಗೆ ಊರೂರಲ್ಲಿ ಗಲಾಟೆಯಾಯಿತು, ದಲಿತ ಹುಡುಗರ ಮೇಲೆ ಕೈ ಬಿತ್ತು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಕಳೆದುಕೊಂಡರು. ಆ ಮಾತನ್ನು ಇದುವರೆಗೆ ಎಲ್ಲರೂ ಸಾಹಿತ್ಯದ ಬಗೆಗಿನ ತೀರ್ಪಾಗಿ ಓದಿದ್ದಾರೆ. ಅದನ್ನು ಊಟಕ್ಕೆ ಕೂತವನ ಮಾತಾಗಿಯೂ ಓದಬಹುದು. ನನ್ನ ಮುಂದೆ ಬಡಿಸಿರುವುದು ನಾನು ಉಣ್ಣುವಂಥದ್ದೋ ಅಲ್ಲವೋ ಎಂದು ಕೇಳುವ ಹಕ್ಕು ಉಣ್ಣುವವನಿಗೆ ಇದೆಯಲ್ಲ.

ನಾನು ಪಾಠ ಮಾಡುವುದು ಬೆಂಗಳೂರಿನ ಮೈಸೂರು ರಸ್ತೆಯ ಕಡೆ. ವಾಸ ಕೆಂಗೇರಿ ಉಪನಗರದಲ್ಲಿ. ಈ ಭಾಗ ಕಣ್ಣೆದುರೇ ಬದಲಾಗಿದೆ. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿ ಮುಟ್ಟಿತು. 2023ರ ಮಾರ್ಚಿನಲ್ಲಿ ಮೈಸೂರಿನ ದಶಪಥ ಉದ್ಘಾಟನೆಯಾಗಿ ವಾಹನಗಳೆಲ್ಲ ಬಿಡದಿ, ಮದ್ದೂರುಗಳನ್ನು ಬಳಸಿಕೊಂಡು ಆಚೆಯಿಂದಾಚೆಗೇ ಹೋಗತೊಡಗಿದವು. ಹಳೇ ರಸ್ತೆಯ ತಟ್ಟೆ ಇಡ್ಲಿ, ಮದ್ದೂರು ವಡೆಯ ಅಂಗಡಿಗಳಿಗೆ ಏಟು ಬಿತ್ತು. ಅತ್ತ ಅವು ಸೊರಗಿದರೆ ಇತ್ತ ಕೆಂಗೇರಿಯಲ್ಲಿ ಹೊಸ ಹೋಟೆಲುಗಳು ಎದ್ದಿವೆ. ವೃಷಭಾವತಿಯ ನೊರೆ, ವಾಸನೆ ಮಾತ್ರ ಹಾಗೇ ಇದೆ. ಹೊಸದಾಗಿ ಬಾಡಿಗೆಗೆ ಬಂದವರು, ಕನಕಪುರ, ಮಾಗಡಿ, ಚಾಮರಾಜನಗರಗಳಿಂದ ಬಂದ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ: ‘ಸಾರ್, ಇಲ್ಲೆಲ್ಲಾದ್ರೂ ಒಳ್ಳೇ ಹೋಟ್ಲು ಇದ್ಯಾ?’

ಇದಕ್ಕೆ ಉತ್ತರ ಕೊಡಲು ಹೋದಾಗಲೇ ತೊಡಕು. ಮುಖ್ಯರಸ್ತೆಯುದ್ದಕ್ಕೂ ನಡೆದು ಬೋರ್ಡುಗಳನ್ನು ಒಂದು ಪಠ್ಯದ ಹಾಗೆ ಓದಿ. ಹೆಚ್ಚಿನವುಗಳಲ್ಲಿ ಇರುವುದು ಮೂರು ಪದ: ನಾರ್ತ್ ಇಂಡಿಯನ್, ಸೌತ್ ಇಂಡಿಯನ್, ಚೈನೀಸ್. ಭಾರತವನ್ನು ಎರಡು ತಟ್ಟೆಯಲ್ಲಿ ಹಾಕಿ ಮುಗಿಸಿದ್ದಾರೆ. ಇದರಲ್ಲಿ ಸೌತ್ ಇಂಡಿಯನ್ ಎಂದರೆ ಇಡ್ಲಿ, ವಡೆ, ದೋಸೆ, ಪೊಂಗಲ್, ಬಿಸಿಬೇಳೆ ಬಾತ್. ಕೆಂಗೇರಿ ಇರುವುದು ರಾಗಿ ಸೀಮೆಯಲ್ಲಿ. ಇಲ್ಲಿಂದ ಹತ್ತು ಮೈಲಿ ಆಚೆಗೆ ಹೋದರೆ ಜನ ಇವತ್ತೂ ಉಣ್ಣುವ ಮುದ್ದೆ, ಉಪ್ಸಾರು, ಹುರುಳಿಕಾಳಿನ ಬಸ್ಸಾರು ಈ ಬೋರ್ಡಿನ ಪ್ರಕಾರ ಸೌತ್ ಇಂಡಿಯನ್ನೂ ಅಲ್ಲ, ನಾರ್ತೂ ಅಲ್ಲ. ಗೋಬಿ ಮಂಚೂರಿಗೆ ಸಿಕ್ಕ ಪೌರತ್ವ ಉಪ್ಸಾರಿಗೆ ಸಿಕ್ಕಿಲ್ಲ. ದಕ್ಷಿಣ ಭಾರತದ ಹೆಸರಲ್ಲಿ ಇಲ್ಲಿ ಬಡಿಸುತ್ತಿರುವುದು ಹೆಚ್ಚಾಗಿ ಕರಾವಳಿಯ ಮತ್ತು ತಮಿಳು ಸೀಮೆಯ ಬ್ರಾಹ್ಮಣರ ಅಡುಗೆಮನೆಯನ್ನು. ಒಂದು ಸಣ್ಣ ವರ್ಗದ ಊಟ ಇಡೀ ನಾಡಿನ ಊಟವಾಗಿ ನಿಂತಿದೆ. ಕನ್ನಡ ಸಾಹಿತ್ಯ ಚರಿತ್ರೆಯ ಪಾಠ ಮಾಡುವ ನನಗೆ ಇದು ಗುರುತಿಲ್ಲದ ಕ್ರಮವೇನಲ್ಲ.

ಹಾಗಾದರೆ ಮುದ್ದೆ ಸಿಗುವುದೇ ಇಲ್ಲವೇ? ಸಿಗುತ್ತದೆ. ಆದರೆ ಅದು ಹೋಟೆಲಿನೊಳಕ್ಕೆ ಬಂದಿರುವುದು ಜಾತಿಯ ಹೆಸರು ಹಿಡಿದುಕೊಂಡು. ಇನ್ನೊಂದು ಬಗೆಯ ಬೋರ್ಡುಗಳಿವೆ. ಬ್ರಾಹ್ಮಣರ ಹೆಸರಿನ ಕಾಫಿ ಬಾರು, ಅಯ್ಯಂಗಾರ್ ಬೇಕರಿ, ಲಿಂಗಾಯತರ ಖಾನಾವಳಿ, ಗೌಡರ ಮುದ್ದೆ ಊಟ, ಮರಾಠ ಮಿಲಿಟರಿ ಹೋಟೆಲು. ಈ ಹೆಸರುಗಳನ್ನು ನಾವು ಜಾತಿ ಎಂದು ಓದುವುದಿಲ್ಲ, ರುಚಿ ಎಂದು ಓದುತ್ತೇವೆ. ಅಯ್ಯಂಗಾರ್ ಎಂದರೆ ಮೊಟ್ಟೆ ಹಾಕದ ಕೇಕು, ಗೌಡರು ಎಂದರೆ ನಾಟಿಕೋಳಿ ಸಾರು. ಜಾತಿ ಇಲ್ಲಿ ಗುಣಮಟ್ಟದ ಮುದ್ರೆ. ಆದರೆ ಈ ಮುದ್ರೆ ಎಲ್ಲರಿಗೂ ಸಿಗುವುದಿಲ್ಲ. ಹೊಲೆಯರ ಹೋಟೆಲು, ಮಾದಿಗರ ಮೆಸ್ಸು ಎಂಬ ಬೋರ್ಡನ್ನು ಒಮ್ಮೆ ಮನಸ್ಸಿನಲ್ಲೇ ಬರೆದು ನೋಡಿ. ಅದನ್ನು ಓದುವಾಗ ನಿಮ್ಮ ಒಳಗೆ ಏನಾಗುತ್ತದೆಯೋ ಅದೇ ಈ ಲೇಖನದ ವಿಷಯ.

ಈಗ ಶುಚಿಗೆ ಬರೋಣ. ಶುಚಿ ಎನ್ನುವ ಪದಕ್ಕೆ ಎರಡು ಅರ್ಥಗಳಿವೆ, ಹೋಟೆಲಿನವರು ಎರಡನ್ನೂ ಒಂದೇ ಬಾಣಲೆಯಲ್ಲಿ ಹುರಿಯುತ್ತಾರೆ. ಒಂದು, ಕೊಳೆ ಇಲ್ಲದಿರುವುದು. ಇನ್ನೊಂದು, ಮೈಲಿಗೆ ಇಲ್ಲದಿರುವುದು. ಮೊದಲನೆಯದನ್ನು ನಾನು ಅಲ್ಲಗಳೆಯುವುದಿಲ್ಲ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದು, ತಟ್ಟೆ-ಲೋಟಗಳನ್ನು ಕ್ರಿಮಿ ಸಾಯುವಂತೆ ತೊಳೆಯುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದಾಗಿತ್ತು. ಇದು ಬಿಸಿನೀರು ಮತ್ತು ಸೋಪಿನ ಶುಚಿ. ಯಾರು ಬೇಕಾದರೂ ಕಲಿಯಬಹುದು. ಎರಡನೆಯ ಶುಚಿ ಹುಟ್ಟಿನಿಂದ ಬರುವಂಥದ್ದು, ಅದನ್ನು ಯಾವ ಸೋಪಿನಿಂದಲೂ ತರಲಿಕ್ಕಾಗುವುದಿಲ್ಲ. ಹೋಟೆಲಿನಲ್ಲಿ ಬಡಿಸುವವನನ್ನು ಕರೆಯುವ ‘ಮಾಣಿ’ ಎಂಬ ಪದವನ್ನೇ ನೋಡಿ. ಕುಂದಾಪುರದ ಕಡೆ ಅದಕ್ಕೆ ಹುಡುಗ ಎಂದರ್ಥ, ಮೂಲದಲ್ಲಿ ಬ್ರಾಹ್ಮಣ ವಟು. ಇವತ್ತು ಸಪ್ಲೈಯರುಗಳಲ್ಲಿ ಎಲ್ಲ ಜಾತಿಯವರೂ, ಎಲ್ಲ ರಾಜ್ಯದವರೂ ಇದ್ದಾರೆ. ಆದರೂ ಕೇಳಿ ನೋಡಿ: ಒಲೆಯ ಮುಂದೆ ಯಾರು, ಗಲ್ಲಾದಲ್ಲಿ ಯಾರು, ಎಂಜಲು ತಟ್ಟೆ ಎತ್ತಿ ಟೇಬಲ್ ಒರೆಸುವ ಕ್ಲೀನರ್ ಯಾರು, ರಾತ್ರಿ ಮೋರಿ ತೊಳೆಯುವವರು ಯಾರು. ಹೋಟೆಲಿನ ಮುಂಬಾಗಿಲಿನಿಂದ ಹಿತ್ತಿಲವರೆಗೆ ನಡೆದರೆ ಊರಿನಿಂದ ಕೇರಿಯವರೆಗೆ ನಡೆದ ಹಾಗೇ.

ಭಾರತದ ಸಂವಿಧಾನದಲ್ಲಿ ಹೋಟೆಲು ಎಂಬ ಪದವಿದೆ ಎಂದು ತರಗತಿಯಲ್ಲಿ ಹೇಳಿದಾಗ ಹುಡುಗರು ನಂಬಲಿಲ್ಲ. 15ನೇ ವಿಧಿಯ ಎರಡನೇ ಉಪವಿಧಿ ತೆಗೆದು ತೋರಿಸಿದೆ. ಅಂಗಡಿ, ಹೋಟೆಲು, ಕೆರೆ, ಬಾವಿ, ಸ್ನಾನಘಟ್ಟಗಳಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಬಾವಿಯ ಪಕ್ಕದಲ್ಲೇ ಹೋಟೆಲನ್ನೂ ಹೆಸರಿಸಬೇಕಾಯಿತು ಎಂದರೆ ಆ ಕಾಲದ ಹೋಟೆಲು ಹೇಗಿದ್ದಿರಬೇಕು ಊಹಿಸಿ. ಬ್ರಾಹ್ಮಣರಿಗೆ ಬೇರೆ ಕೋಣೆ ಇದ್ದ ಹೋಟೆಲುಗಳನ್ನು ಕಂಡ ತಲೆಮಾರು ಇನ್ನೂ ಪೂರ್ತಿ ಮರೆಯಾಗಿಲ್ಲ. ಹೆಸರಿನಲ್ಲಿ ಬ್ರಾಹ್ಮಣ ಎಂದಿದ್ದುದನ್ನು ಅಳಿಸಬೇಕೆಂದು ಪೆರಿಯಾರ್ ಮತ್ತು ದ್ರಾವಿಡ ಕಳಗಂ 1957ರಲ್ಲಿ ಮದ್ರಾಸಿನ ಒಂದು ಹೋಟೆಲಿನ ಮುಂದೆ ತಿಂಗಳುಗಟ್ಟಲೆ ಚಳವಳಿ ಮಾಡಬೇಕಾಯಿತು. ನಮ್ಮಲ್ಲಿ ಅಂಥ ಚಳವಳಿ ಆಗಲಿಲ್ಲ. ಹಾಗಾಗಿ ಬೋರ್ಡು ಉಳಿಯಿತು, ಪರಂಪರೆ ಎಂಬ ಗೌರವವೂ ಸೇರಿಕೊಂಡಿತು.

ಸಂವಿಧಾನ ಒಳಗೆ ಹೋಗಿ ಕೂರುವ ಹಕ್ಕು ಕೊಟ್ಟಿದೆ. ನಮ್ಮ ಹಳ್ಳಿಗಳ ಚಾ ಅಂಗಡಿಗಳಲ್ಲಿ ಬೇರೆ ಲೋಟದ ಕಾಟ ಪೂರ್ತಿ ಹೋಗಿಲ್ಲವಾದರೂ ಬೆಂಗಳೂರಿನ ಅಂಚಿನಲ್ಲಿ ನಾನು ಯಾವ ಹೋಟೆಲಿಗೆ ಬೇಕಾದರೂ ಹೋಗಿ ಉಣ್ಣಬಲ್ಲೆ. ಆದರೆ ನಮ್ಮವರು ಬೇಯಿಸಿದ್ದನ್ನು ಇನ್ನೊಬ್ಬರು ಬಂದು ಉಣ್ಣಬೇಕು ಎನ್ನುವುದಕ್ಕೆ ಯಾವ ಕಾನೂನೂ ಇಲ್ಲ, ಇರಲಿಕ್ಕೂ ಆಗುವುದಿಲ್ಲ. ಗಿರಾಕಿಯಾಗಿ ನಮ್ಮ ದುಡ್ಡು ನಡೆಯುತ್ತದೆ. ಅಡುಗೆಯವರಾಗಿ ನಮ್ಮ ಕೈ ನಡೆಯುವುದಿಲ್ಲ. ಹೊಲದಲ್ಲಿ ನಮ್ಮ ಜನ ಬಿತ್ತಿ, ಕೊಯ್ದು, ಒಕ್ಕಿದ ರಾಗಿ ಎಲ್ಲರಿಗೂ ಶುಚಿಯೇ. ಅದೇ ಕೈ ಅದಕ್ಕೆ ನೀರು ಹಾಕಿ ಬೇಯಿಸಿ ತಿರುವಿದ ಮೇಲೆ ಮೈಲಿಗೆ.

ಇನ್ನು ರುಚಿ. ಸಾಹಿತ್ಯದ ಮೇಷ್ಟರಾಗಿ ನನಗೆ ಹೆಚ್ಚು ತಕರಾರಿರುವುದು ಇಲ್ಲಿ. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ರಸ ಎಂದರೇನು ಎಂದು ವಿವರಿಸುವಾಗ ಕೊಡುವ ಹೋಲಿಕೆ ಊಟದ್ದೇ: ನಾನಾ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನವನ್ನು ಒಳ್ಳೆಯ ಮನಸ್ಸಿನವರು ಆಸ್ವಾದಿಸುವ ಹಾಗೆ ಪ್ರೇಕ್ಷಕರು ಭಾವಗಳನ್ನು ಆಸ್ವಾದಿಸುತ್ತಾರೆ ಎಂದು. ಆ ಪಂಕ್ತಿಯಲ್ಲಿ ಕೂತವರು ಯಾರು ಎಂದು ನಮ್ಮ ಕಾವ್ಯಮೀಮಾಂಸಕರು ಕೇಳಲಿಲ್ಲ. ಹೊಟ್ಟೆ ತುಂಬಿದವನು ಚಪ್ಪರಿಸುವುದೇ ರಸಾನುಭವದ ಮಾದರಿಯಾದಾಗ ಹಸಿವು ಎಂಟರಲ್ಲೂ ಸೇರಲಿಲ್ಲ, ಒಂಬತ್ತರಲ್ಲೂ ಸೇರಲಿಲ್ಲ. ನಾವು ತಿನ್ನುವ ಬೋಟಿ, ತಲೆಮಾಂಸ, ದೊಡ್ಡ ಮಾಂಸಕ್ಕೆ ಬೀಭತ್ಸ ಎಂಬ ಒಂದು ರಸ ಮಾತ್ರ ಮೀಸಲಾಯಿತು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ಕದ್ದು ತಂದ ಕಡಲೆಕಾಯಿ ತಿಂದು ಮುಗಿಸುವ ಭಾಗವಿದೆ. ನಾನು ಓದಿದ ಕನ್ನಡ ಸಾಹಿತ್ಯದಲ್ಲಿ ಅದಕ್ಕಿಂತ ಸೊಗಸಾದ ಊಟ ಇನ್ನೊಂದಿಲ್ಲ. ಅದು ಕರುಣವೋ ಹಾಸ್ಯವೋ ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಕೊಟ್ಟರೆ ಹುಡುಗರು ಕರುಣ ಎಂದು ಬರೆಯುತ್ತಾರೆ. ಹಾಗೆ ಬರೆಯುವುದನ್ನು ನಾವೇ ಕಲಿಸಿದ್ದೇವೆ. ಅಲ್ಲಿರುವುದು ಖುಷಿ. ಕಾಯಿ ಬಿಡಿಸುವ ಸದ್ದಿನಲ್ಲಿ ಒಂದು ಮನೆ ಒಂದಾಗುವ ಖುಷಿ.

ಸಾಹಿತ್ಯದ ಅಭಿರುಚಿಗೂ ಊಟದ ರುಚಿಗೂ ಇರುವ ಈ ನಂಟು ಹಳೇ ಗ್ರಂಥಗಳ ಮಾತಷ್ಟೇ ಅಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಯವರಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದ್ದರು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಪ್ರಗತಿಪರ ಸಂಘಟನೆಗಳ ಗೆಳೆಯರು ಬೀದಿಗಿಳಿದರು. ಕೊನೆಯ ದಿನ ಊಟದಲ್ಲಿ ಮೊಟ್ಟೆ ಕೊಟ್ಟರು. ಮೊಟ್ಟೆ ಬಂತೆಂದು ನಾನೂ ಸಂತೋಷಪಟ್ಟವನೇ. ಆದರೆ ಆ ಚರ್ಚೆಯುದ್ದಕ್ಕೂ ಬಾಡು ಎಂದರೆ ಕೋಳಿ, ಕುರಿ ಎಂದೇ ಎಲ್ಲರೂ ಮಾತಾಡಿದರು. ದೊಡ್ಡ ಮಾಂಸದ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಕಡಿಮೆ. ಗೋಹತ್ಯೆ ನಿಷೇಧವನ್ನು ಬಿಗಿಗೊಳಿಸಿದ 2020ರ ಕಾಯಿದೆ ಹಸು, ಎತ್ತು, ಹೋರಿ, ಕರು ಯಾವುದನ್ನೂ ಕಡಿಯುವಂತಿಲ್ಲ ಎನ್ನುತ್ತದೆ; 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಅಗ್ಗದ ಮಾಂಸ ತಿಂದು ದುಡಿಯುತ್ತಿದ್ದವರ ತಟ್ಟೆಯಿಂದ ಒಂದು ಪದಾರ್ಥ ಹೋಯಿತು. ಶೂದ್ರರ ಬಾಡೂಟಕ್ಕೆ ಸಿಕ್ಕ ಮಾನ್ಯತೆ ನಮ್ಮ ಊಟಕ್ಕೂ ತಾನಾಗಿಯೇ ಸಿಗುತ್ತದೆ ಎಂದು ನಂಬುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.

ಇಷ್ಟೆಲ್ಲ ಆದಮೇಲೂ ಹುಡುಗರ ಪ್ರಶ್ನೆ ಹಾಗೇ ಇದೆ. ಒಳ್ಳೇ ಹೋಟ್ಲು ಎಲ್ಲಿದೆ? ಉಪನಗರದ ಒಂದು ಅಡ್ಡರಸ್ತೆಯಲ್ಲಿ ಒಂದು ಮೆಸ್ಸಿದೆ. ನಡೆಸುವವರು ನಮ್ಮವರೇ, ಐವತ್ತರ ಆಸುಪಾಸಿನ ಹೆಂಗಸು. ಅವರ ಹೆಸರನ್ನಾಗಲಿ ರಸ್ತೆಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುತ್ತಿಲ್ಲ. ಗಂಟಿಲ್ಲದ ಮುದ್ದೆ, ಹದವಾದ ಖಾರದ ಉಪ್ಸಾರು. ಭಾನುವಾರ ತಲೆಮಾಂಸದ ಸಾರಾದರೆ ಹನ್ನೆರಡೂವರೆಗೇ ಹೋಗಬೇಕು, ಒಂದೂವರೆಗೆ ಪಾತ್ರೆ ಬರಿದು. ಸೊಪ್ಪನ್ನು ಮೂರು ನೀರಲ್ಲಿ ತೊಳೆಯುವುದನ್ನು ನಾನೇ ನೋಡಿದ್ದೇನೆ. ಸೋಪಿನ ಶುಚಿಯಲ್ಲಿ ಅವರನ್ನು ಮೀರಿಸುವ ಹೋಟೆಲು ನನಗೆ ಈ ಕಡೆ ಸಿಕ್ಕಿಲ್ಲ. ಗಿರಾಕಿಗಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹೊಸಬರು ಎರಡನೇ ಮುದ್ದೆ ಹಾಕಿಸಿಕೊಳ್ಳುವಾಗ ಮೆಲ್ಲಗೆ ಕೇಳುತ್ತಾರೆ: ‘ಅಕ್ಕ, ನಿಮ್ದು ಯಾವ ಕಡೆ ಆಯ್ತು? ಮನೆದೇವ್ರು ಯಾವ್ದು?’ ‘ಕನಕಪುರದ ಕಡೆ ಕಣಪ್ಪ, ನಮ್ಮನೆದೇವ್ರು ಮುತ್ತತ್ತಿರಾಯ’ ಎನ್ನುತ್ತಾರೆ. ಮುತ್ತತ್ತಿರಾಯನಿಗೆ ಎಲ್ಲ ಜಾತಿಯ ಒಕ್ಕಲೂ ಇದೆ. ಕೇಳಿದವರು ತಮಗೆ ಬೇಕಾದ ಜಾತಿಯನ್ನು ಅದರೊಳಗೆ ತುಂಬಿಕೊಂಡು ಉಂಡು ಹೋಗುತ್ತಾರೆ.

ಈ ಉತ್ತರವನ್ನು ನಮ್ಮ ಕೆಲವು ಗೆಳೆಯರು ಒಪ್ಪುವುದಿಲ್ಲ. ಮುಚ್ಚಿಟ್ಟುಕೊಂಡು ಬದುಕುವುದು ಎಲ್ಲಿಯವರೆಗೆ, ಹೆಸರು ಹಾಕಿಯೇ ಬೋರ್ಡು ಕಟ್ಟಬೇಕು ಎಂಬುದು ಅವರ ವಾದ. ಉದಾಹರಣೆಗೆ ಅವರು ಕೊಡುವುದು ಚಂದ್ರಭಾನ್ ಪ್ರಸಾದರನ್ನು. 2016ರಲ್ಲಿ ಅವರು ‘ದಲಿತ್ ಫುಡ್ಸ್’ ಎಂದೇ ಹೆಸರಿಟ್ಟು ಮಸಾಲೆ ಪುಡಿ, ಉಪ್ಪಿನಕಾಯಿ ಮಾರಲು ಹೊರಟರು. ಅದು ದೊಡ್ಡ ಧೈರ್ಯ, ಅನುಮಾನವಿಲ್ಲ. ಆದರೆ ಪ್ಯಾಕೆಟ್ಟನ್ನು ದೂರದಲ್ಲಿ ಕೂತು ತರಿಸಿಕೊಳ್ಳುವವನು ಮನಸ್ಸು ಮಾಡಿಯೇ ತರಿಸಿಕೊಳ್ಳುತ್ತಾನೆ. ಅಡ್ಡರಸ್ತೆಯ ಮೆಸ್ಸಿನ ಗಿರಾಕಿ ಎದುರಿಗೆ ಕೂತಿರುತ್ತಾನೆ, ಬಿಸಿ ಮುದ್ದೆ ಆ ಕೈಯಿಂದಲೇ ತಟ್ಟೆಗೆ ಬೀಳುತ್ತದೆ. ಜೊತೆಗೆ ಕಟ್ಟಡದ ಮಾಲೀಕನಿದ್ದಾನೆ, ಅವನು ಕೊಟ್ಟ ಹನ್ನೊಂದು ತಿಂಗಳ ಕರಾರಿದೆ. ಹೆಸರು ಹೇಳುವ ಧೈರ್ಯದ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಲೆಕ್ಕ ನಮ್ಮ ವಿಮರ್ಶೆಯಲ್ಲಿ ಇನ್ನೂ ಬಂದಿಲ್ಲ.

ಈ ಸಂಚಿಕೆಗೆ ಬರೆಯುತ್ತಿದ್ದೇನೆಂದು ಹೇಳಿದಾಗ ಅವರು ಮಸೆಕಲ್ಲಿನಿಂದ ಕೈ ತೆಗೆಯದೆ ಹೇಳಿದರು: ‘ನಿಮ್ಗೇನು ಮೇಷ್ಟ್ರೇ, ಬರ್ದು ಹೋಯ್ತೀರ. ನಾಳೀಕೆ ಜನ ಬರ್ನಿಲ್ಲ ಅಂದ್ರೆ ಗ್ಯಾಸಿನ ದುಡ್ಡು ನೀವು ಕೊಟ್ಟೀರಾ?’ ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು, ಉಪ್ಸಾರಿನ ಖಾರದ ಬಗ್ಗೆ ಬರೆದಿದ್ದೀರೋ ಇಲ್ಲವೋ ಎಂದು. ಬರೆದಿದ್ದೇನೆ ಎಂದೆ. ‘ಅದು ಬರೀರಿ. ಬ್ಯಾಡ್ಗಿ ಮೆಣಸಿನಕಾಯಿ ಅಲ್ಲ, ಗುಂಟೂರು ಹಾಕೋದು ಅಂತಾನೂ ಬರೀರಿ’ ಎಂದರು.