ಮರಿಯೋಟಿಸ್ ಸರೋವರ: ಬರಹ ಹೇಳುವುದೆಷ್ಟು, ನಾವು ಸೇರಿಸುವುದೆಷ್ಟು?

ಈಜಿಪ್ಟಿನ ಅಲೆಕ್ಸಾಂಡ್ರಿಯದ ದಕ್ಷಿಣಕ್ಕಿದ್ದ ಮರಿಯೋಟಿಸ್ ಸರೋವರದ ಪ್ರಸ್ತಾಪ ಬಂದಾಗಲೆಲ್ಲ "ಆದಿ ಕ್ರೈಸ್ತರನ್ನು ಬೆಳೆಸಿದ್ದೇ ಆ ನೀರು" ಅನ್ನೋ ಮಾತು ಬೆನ್ನಿಗೇ ಬರುತ್ತೆ. ಕೇಳೋಕೆ ಚೆಂದ. ಆದರೆ ಆಧಾರಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ವಿಷಯ ಅಷ್ಟು ಸಲೀಸಲ್ಲ.

ಮೊದಲ ಎಡವಟ್ಟು ಹಳೆಯದು. 1ನೇ ಶತಮಾನದ ಯಹೂದಿ ಲೇಖಕ ಫೈಲೋ, ಈ ಸರೋವರದ ಬಳಿಯ ದಿಬ್ಬದಲ್ಲಿದ್ದ 'ಥೆರಪ್ಯೂಟೇ' ಎಂಬ ಧ್ಯಾನಿಗಳ ಬಗ್ಗೆ ಬರೆದ. 4ನೇ ಶತಮಾನದ ಯುಸೀಬಿಯಸ್ ಅವರನ್ನು ಕ್ರೈಸ್ತರೆಂದೇ ಓದಿಕೊಂಡ. ಆದರೆ ಫೈಲೋ ಚಿತ್ರಿಸಿದ್ದು ಮೋಶೆಯ ಧರ್ಮಶಾಸ್ತ್ರ ಓದುವ, ಏಳನೇ ದಿನ ಒಟ್ಟುಗೂಡುವ ಯಹೂದಿಗಳನ್ನು. ಈ ಸಾಕ್ಷಿಯನ್ನು ಕೈಬಿಡಬೇಕು.

ಗಟ್ಟಿ ಸಾಕ್ಷಿ ಇರೋದು ಬಿಷಪ್ ಅಥನೇಸಿಯಸನ ಬರಹದಲ್ಲಿ. 335ರಲ್ಲಿ ಅವನ ಮೇಲಿನ ಆರೋಪ ವಿಚಾರಿಸಲು ಟೈರ್ ಸಭೆ ಮರಿಯೋಟಿಸ್ ಸೀಮೆಗೆ ತಂಡ ಕಳಿಸಿತು. ಅಲ್ಲಿನ ಪಾದ್ರಿಗಳೂ ಡೀಕನ್‌ಗಳೂ ಹೆಸರು ಹಾಕಿ ಅವನ ಪರವಾಗಿ ಬರೆದ ಪತ್ರ ಉಳಿದಿದೆ. ಆ ಸೀಮೆಗೆ ಪ್ರತ್ಯೇಕ ಬಿಷಪ್ ಇರಲೇ ಇಲ್ಲ, ಚರ್ಚುಗಳೆಲ್ಲ ಅಲೆಕ್ಸಾಂಡ್ರಿಯದ ಬಿಷಪ್‌ಗೆ ಅಧೀನ ಅಂತ ಅವನೇ ಹೇಳುತ್ತಾನೆ. ಅಂದರೆ ಇಲ್ಲಿ ಬೆಳೆದದ್ದು ನಗರಕ್ಕೆ ಅಂಟಿಕೊಂಡ ಹಳ್ಳಿಗಳ ಸಮುದಾಯ. ಸರೋವರ ಆ ನಂಟಿಗೆ ದಾರಿ ಆಗಿರಬಹುದು. ನೈಲ್ ಕಾಲುವೆಗಳ ಮೂಲಕ ಸರೋವರದ ಬಂದರಿಗೆ ಬರುವ ಸರಕು ಸಮುದ್ರದ ಸರಕಿಗಿಂತ ಹೆಚ್ಚು ಅಂತ ಸ್ಟ್ರೇಬೋ ಮೊದಲೇ ಬರೆದಿದ್ದ.

ನೀರಿನ ಪಾತ್ರ ಕಣ್ಣಿಗೆ ಕಾಣೋದು ಅಬು ಮೀನಾ ಯಾತ್ರೆಯಲ್ಲಿ. ಯಾತ್ರಿಕರು ಸರೋವರ ದಾಟಿ, ದಕ್ಷಿಣ ದಡದ ಫಿಲೋಕ್ಸೆನೈಟ್‌ನಲ್ಲಿ ಇಳಿದು, ನೆಲದ ದಾರಿ ಹಿಡಿಯುತ್ತಿದ್ದರು. ಅವರು ಊರಿಗೆ ಒಯ್ದ ಮಣ್ಣಿನ ಪುಟ್ಟ ಕುಪ್ಪಿಗಳ ಮೇಲೆ ಸಂತ ಮೀನಾ, ಅಕ್ಕಪಕ್ಕ ಎರಡು ಒಂಟೆ. ಕೆಲವುಗಳಲ್ಲಿ 'ಸಂತ ಮೀನಾನ ಆಶೀರ್ವಾದ' ಎಂಬ ಗ್ರೀಕ್ ಬರಹ. ಆ ಬರಹದಲ್ಲಿ ಸರೋವರದ ಸುದ್ದಿಯೇ ಇಲ್ಲ! ನಮ್ಮ ಕೆರೆ ಶಾಸನಗಳ ಹಾಗೆ ಕಟ್ಟಿಸಿದವರು ಯಾರು, ಬಿಟ್ಟ ಭೂಮಿ ಎಷ್ಟು ಅಂತ ಇದು ಹೇಳಲ್ಲ. ಕುಪ್ಪಿ ಭಕ್ತಿಗೆ ಸಾಕ್ಷಿ. ದಾರಿಗೆ ಸಾಕ್ಷಿ ದಡದ ಬಂದರು. ಎರಡನ್ನೂ ಕೂಡಿಸಿ ಓದೋಣ, ಒಂದರ ಬಾಯಲ್ಲಿ ಇನ್ನೊಂದರ ಮಾತು ತುರುಕೋದು ಬೇಡ.

ನೈಲಿನ ಕನೋಪಿಕ್ ಕವಲು ಹೂಳು ತುಂಬಿ ಸರೋವರ ಬತ್ತಿತು. 1801ರಲ್ಲಿ ಬ್ರಿಟಿಷ್ ಸೇನೆ ಏರಿ ಕಡಿದಾಗ ಉಪ್ಪುನೀರು ನುಗ್ಗಿತು. ಇತ್ತ ಅಬು ಮೀನಾದ ಅಡಿಪಾಯವನ್ನು ಸಡಿಲಿಸಿದ್ದು ಹೊಸ ನೀರಾವರಿಯಿಂದ ಏರಿದ ಅಂತರ್ಜಲ. 2001ರಲ್ಲಿ ಯುನೆಸ್ಕೋ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು. ಹಾಗಾಗಿ ಕುಪ್ಪಿಯಷ್ಟೇ ಜತನದಿಂದ ಅದು ಸಿಕ್ಕ ನೆಲವನ್ನೂ ಓದಬೇಕು.