ಮೂಸೆಯ ತಂಗಡಿ ಮತ್ತು ಮಾಲಿಬ್ಡಿನಮ್‌ನ ಇಂಗಾಲ: ಒಂದು ಹೋಲಿಕೆಯ ಮಿತಿ

ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಉಕ್ಕಿನ ಮೂಸೆಗಳ ವಿವರಣೆಯಿದೆ. ಒಳಗೆ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸಿರೆಲೆ. ಬಾಯಿಗೆ ಮಣ್ಣಿನ ಮುಚ್ಚಳ. ಆ ಎಲೆಯನ್ನು ಕುಲುಮೆಯ ಆಚರಣೆಯೆಂದಷ್ಟೇ ಓದುವವರು ಒಂದೆಡೆ. ಇಂದಿನ ಮೂರು ಆಯಾಮದ ಲೋಹಮುದ್ರಣ ವಿಜ್ಞಾನವನ್ನೇ ಅದರಲ್ಲಿ ಕಾಣುವವರು ಇನ್ನೊಂದೆಡೆ.

ಎರಡನೆಯ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಮಾಲಿಬ್ಡಿನಮ್ ಕರಗುವುದು ಸುಮಾರು 2,620 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ. ಅದರ ಪುಡಿಯನ್ನು ಲೇಸರ್‌ನಿಂದ ಪದರಪದರವಾಗಿ ಕರಗಿಸಿ ವಸ್ತುವನ್ನು ರೂಪಿಸುವಾಗ, ಪುಡಿಯೊಂದಿಗೆ ಬಂದ ಆಮ್ಲಜನಕವು ಲೋಹ ಗಟ್ಟಿಯಾಗುತ್ತಿದ್ದಂತೆ ಹರಳುಗಳ ಸಂದಿನಲ್ಲಿ ಸೇರಿಕೊಂಡು ಬಿರುಕಿಗೆ ಎಡೆಮಾಡುತ್ತದೆ. ಕೋಣೆಗೆ ಆರ್ಗಾನ್ ತುಂಬಿದರೂ ಸಾಲದು. ದೋಷ ಪುಡಿಯಲ್ಲೇ ಇರುತ್ತದೆ. ತೂಕದಲ್ಲಿ ಶೇ. 0.45ರಷ್ಟು ಇಂಗಾಲ ಬೆರೆಸಿದಾಗ ಸಂದುಗಳಲ್ಲಿ ಆಮ್ಲಜನಕ ಜಮೆಯಾಗುವುದು ತಗ್ಗಿ, ಬಿರುಕಿಲ್ಲದ ಲೋಹ ದೊರೆತುದನ್ನು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಮುಚ್ಚಿದ ಪಾತ್ರೆ, ಒಳಗಿಟ್ಟ ಇಂಗಾಲ: ಹೋಲಿಕೆ ಆಕರ್ಷಕವೇ. ಆದರೆ ಮೂಸೆಯಲ್ಲಿ ಇಂಗಾಲವು ಕಬ್ಬಿಣದಲ್ಲಿ ನೆಲೆಸಿ ಅದನ್ನು ಉಕ್ಕಾಗಿಸಬೇಕು. ಅದು ಗಾಳಿಗೆ ಉರಿದುಹೋಗದಂತೆ ಮುಚ್ಚಳ ಕಾಯುತ್ತದೆ. ಮಾಲಿಬ್ಡಿನಮ್‌ನಲ್ಲಿ ಅದರ ಮುಖ್ಯ ಕೆಲಸ ಆಮ್ಲಜನಕವನ್ನು ಸಂದಿನಿಂದ ದೂರವಿಡುವುದು. ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂಬ ಹೊಗಳಿಕೆಯಲ್ಲಿ (ಗೋಷ್ಠಿಗಳಲ್ಲಿ ಇದಕ್ಕೆ ಚಪ್ಪಾಳೆ ಖಚಿತ) ಕಮ್ಮಾರ ನಿಜವಾಗಿ ತಿಳಿದಿದ್ದುದೇ ಮರೆಯಾಗುತ್ತದೆ: ಇಷ್ಟು ಕಬ್ಬಿಣಕ್ಕೆ ಇಷ್ಟು ಕಡ್ಡಿ ಎಂಬ ಅಳತೆ. ಬುಕನನ್ ಅದನ್ನು ರೂಪಾಯಿ ತೂಕದಲ್ಲಿ ದಾಖಲಿಸಿದ್ದಾನೆ. ಎರಡೂ ಬಗೆಯ ವ್ಯಾಖ್ಯಾನಕಾರರು ಆ ತೂಕವನ್ನು ಉಲ್ಲೇಖಿಸುವುದು ವಿರಳ.